ಕಾಲುವೆಯ ಕೊನೆಯ ಊರುಗಳು

ಗದಗಿನಿಂದ ಉತ್ತರಕ್ಕೆ ಹೊರಟ ಬಸ್ಸು ಊರಿನ ಕಡೆಯ ಮನೆಗಳನ್ನು ದಾಟುತ್ತಿದ್ದಂತೆಯೇ ಕಣ್ಣಿಗೆ ಬೀಳುವುದು ಎರೆಭೂಮಿ. ಎಡಕ್ಕೆ ನೋಡಿದರೂ ಎರೆ, ಬಲಕ್ಕೆ ನೋಡಿದರೂ ಎರೆ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋಧಿ. ನಡುನಡುವೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಮರಗಳು ವಿರಳ, ಆಕಾಶ ವಿಶಾಲ. ಮಳೆ ಬಿದ್ದರೆ ಕಾಲಿಗೆ ಅಂಟಿಕೊಂಡು ಬಿಡಲೊಲ್ಲದ ಈ ಮಣ್ಣು ಬಿಸಿಲಿಗೆ ಒಣಗಿತೆಂದರೆ ಆಳವಾಗಿ ಬಿರಿದು ಬಾಯಿ ಬಿಡುತ್ತದೆ. ಈ ನೆಲದ ಮೇಲೆ, ಪಡುವಣದಿಂದ ಮೂಡಣಕ್ಕೆ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ, ಮೂರು ಊರುಗಳು ನಿಂತಿವೆ: ನರಗುಂದ, ರೋಣ, ಗಜೇಂದ್ರಗಡ. ೧೯೯೭ರವರೆಗೆ ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ಈಗ ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಗಜೇಂದ್ರಗಡವು ರೋಣದ ಮಡಿಲಿನಿಂದ ಬೇರೆಯಾಗಿ ತಾನೇ ತಾಲ್ಲೂಕಾದದ್ದು ತೀರ ಈಚಿನ ವರ್ಷಗಳಲ್ಲಿ.

ಪ್ರವಾಸಿಗನ ನಕ್ಷೆಯಲ್ಲಿ ಈ ಸೀಮೆಗೆ ಸ್ಥಾನವುಂಟು. ಗುಡ್ಡದ ಕೋಟೆಗಳು, ಹಳೆಯ ಗುಡಿಗಳು, ಸೂಡಿಯ ನಾಗಕುಂಡ, ಇಟಗಿಯ ಭೀಮಾಂಬಿಕೆ, ಇವೆಲ್ಲ ಆ ನಕ್ಷೆಯ ಗುರುತುಗಳು. ಆದರೆ ಪ್ರತಿಯೊಂದು ಸೀಮೆಗೂ ಇನ್ನೊಂದು ನಕ್ಷೆ ಇರುತ್ತದೆ. ಅದು ಮುದ್ರಣವಾಗುವುದಿಲ್ಲ, ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಬಂದಾಗ ಮಾತ್ರ ತೆರೆದುಕೊಳ್ಳುತ್ತದೆ. ಯಾವ ಊರಿನಲ್ಲಿ ಯಾವ ಡಾಕ್ಟರರಿದ್ದಾರೆ, ಯಾವ ಪರೀಕ್ಷೆಗೆ ಎಷ್ಟು ದೂರ ಹೋಗಬೇಕು, ಕಡೆಯ ಬಸ್ಸು ಎಷ್ಟು ಹೊತ್ತಿಗೆ, ರಾತ್ರಿಯ ರೈಲು ಎಲ್ಲಿ ಸಿಗುತ್ತದೆ ಎಂಬುದನ್ನು ಆ ನಕ್ಷೆ ಹೇಳುತ್ತದೆ. ಈ ಮೂರೂರುಗಳನ್ನು ಆ ನಕ್ಷೆಯನ್ನು ಹಿಡಿದು ನೋಡಿದರೆ, ಅವು ಇನ್ನೊಂದು ರೂಪದಲ್ಲಿ ಕಾಣಿಸುತ್ತವೆ.

ದ್ರೋಣಪುರದ ಬೆಳಗು

ರೋಣವೆಂಬ ಹೆಸರು ದ್ರೋಣಪುರ ಎಂಬುದರಿಂದ ಬಂದಿತೆಂದು ಜನರ ನಂಬಿಕೆ. ಊರೊಳಗೆ ಚಾಲುಕ್ಯರ ಕಾಲದ ಗುಡಿಗಳು ಇಂದಿಗೂ ಮನೆಗಳ ನಡುವೆ ಮನೆಗಳಂತೆಯೇ ನಿಂತಿವೆ. ಬೆಳಗಿನ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದರೆ ಸಂತೆಯ ಗಂಟುಗಳ ನಡುವೆ ಇನ್ನೊಂದು ಬಗೆಯ ಗಂಟು ಕಾಣುತ್ತದೆ. ಔಷಧದ ಅಂಗಡಿಯ ಪ್ಲಾಸ್ಟಿಕ್ ಚೀಲ; ಅದರೊಳಗೆ ಮಡಿಸಿದ ರಿಪೋರ್ಟುಗಳು, ಸ್ಕ್ಯಾನಿನ ಕರಿಯ ಹಾಳೆ, ರೇಷನ್ ಕಾರ್ಡಿನ ಜೆರಾಕ್ಸ್ ಪ್ರತಿ. ಆ ಚೀಲ ಹಿಡಿದವರು ಗದಗಿಗೆ ಹೋಗುತ್ತಾರೆ. ಅಲ್ಲಿ ೨೦೧೫ರಿಂದ ಸರಕಾರಿ ವೈದ್ಯಕೀಯ ವಿದ್ಯಾಲಯವಿದೆ. ಅಲ್ಲಿಯೂ ಆಗದಿದ್ದರೆ ಹುಬ್ಬಳ್ಳಿಗೆ. ೧೯೫೭ರಲ್ಲಿ ಆರಂಭವಾದ ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮೂರು ತಲೆಮಾರುಗಳಿಂದ ಈ ಸೀಮೆಯ ಬಡವರ ದೊಡ್ಡಾಸ್ಪತ್ರೆ. ಹುಬ್ಬಳ್ಳಿಯೂ ಕೈಚೆಲ್ಲಿದರೆ ಉಳಿಯುವುದು ಬೆಂಗಳೂರು. ಅದು ಸುಮಾರು ನಾಲ್ಕು ನೂರು ಕಿಲೋಮೀಟರುಗಳ ಮಾತು.

ಹೀಗೆ ಮೂರು ಮೆಟ್ಟಿಲು ಹತ್ತಬೇಕಾದ ಕಾಯಿಲೆಗಳಲ್ಲಿ ಯಕೃತ್ತಿನದು ಒಂದು. ಜನರ ಬಾಯಲ್ಲಿ ಅದು ಲಿವರ್. ಪಕ್ಕೆಲುಬುಗಳ ಕೆಳಗೆ ಬಲಬದಿಯಲ್ಲಿ ಕುಳಿತು, ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗ ಮಾಡುವ ಕೆಲಸಗಳಿಗೆ ಲೆಕ್ಕವಿಲ್ಲ. ಉಂಡ ಅನ್ನವನ್ನು ಮೈಗೆ ಹಿಡಿಯುವಂತೆ ಪಾಕ ಮಾಡುವುದು, ವಿಷವನ್ನು ಕಳೆಯುವುದು, ಪಿತ್ತರಸವನ್ನು ತಯಾರಿಸುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ಒದಗಿಸುವುದು, ಎಲ್ಲವೂ ಅದರದೇ. ಮನೆಯಲ್ಲಿ ಸದ್ದಿಲ್ಲದೆ ದುಡಿಯುವ ಹಿರಿಯಳಂತೆ, ಅದು ನೋವನ್ನು ಬೇಗ ಹೇಳಿಕೊಳ್ಳುವುದೂ ಇಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಎಂಬ ವಿಷಾಣುಗಳು, ಮದ್ಯಪಾನ, ಮೈಯ ಕೊಬ್ಬು ಮತ್ತು ಸಕ್ಕರೆ ಕಾಯಿಲೆ, ಇವು ವರ್ಷಾನುಗಟ್ಟಲೆ ಅದನ್ನು ಸುಡುತ್ತಿದ್ದರೂ ಮನುಷ್ಯನಿಗೆ ಸುಳಿವು ಹತ್ತುವುದಿಲ್ಲ. ಕೊನೆಗೆ ಯಕೃತ್ತು ಗಟ್ಟಿಯಾಗಿ, ಗಂಟುಗಂಟಾಗಿ ಕುಗ್ಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಣ್ಣು ಹಳದಿಯಾಗುತ್ತದೆ, ರಕ್ತವಾಂತಿಯಾಗುತ್ತದೆ, ಬುದ್ಧಿ ಮಂಕಾಗುತ್ತದೆ.

ಕಣ್ಣು ಹಳದಿಯಾದರೆ ಈ ಸೀಮೆಯ ಮಾತಿನಲ್ಲಿ ಅದು ಕಾಮಣಿ. ಕಾಮಣಿಗೆ ನಾಟಿ ಔಷಧ ಕೊಡುವವರು ಸುತ್ತಮುತ್ತಲ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಕೆಟ್ಟ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವಂಥದು. ಆದ್ದರಿಂದ ಔಷಧಕ್ಕೆ ಹೆಸರು ಬಂದಿತು. ಆದರೆ ಯಕೃತ್ತೇ ಕುಗ್ಗಿ ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ. ಅಂಥ ರೋಗಿಯು ಪಥ್ಯದಲ್ಲಿ ಕಳೆದ ಮೂರು ತಿಂಗಳು ಅವನ ಆಯುಷ್ಯದ ಅತ್ಯಂತ ಬೆಲೆಯುಳ್ಳ ಮೂರು ತಿಂಗಳಾಗಿರಬಹುದು.

ಅಂಥವನಿಗೆ ಉಳಿದಿರುವ ಉಪಾಯ ಒಂದೇ: ಬೇರೊಬ್ಬರ ಯಕೃತ್ತನ್ನು ತಂದು ಕೂಡಿಸುವುದು. ೧೯೬೩ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜ್ಲ್ ಎಂಬ ಶಸ್ತ್ರವೈದ್ಯರು ಮೊತ್ತಮೊದಲು ಈ ಸಾಹಸಕ್ಕೆ ಕೈಹಾಕಿದರು. ಮೊದಲ ರೋಗಿಗಳು ಬದುಕಲಿಲ್ಲ. ೧೯೬೭ರಲ್ಲಿ ಕಸಿಯಾದ ರೋಗಿಯೊಬ್ಬರು ಒಂದು ವರ್ಷಕ್ಕೂ ಮೀರಿ ಬದುಕಿದಾಗ ವೈದ್ಯಪ್ರಪಂಚಕ್ಕೆ ಧೈರ್ಯ ಬಂದಿತು. ಭಾರತದಲ್ಲಿ ಇದು ಯಶಸ್ವಿಯಾದದ್ದು ೧೯೯೮ರಲ್ಲಿ, ದೆಹಲಿಯಲ್ಲಿ. ಇಂದು ದೇಶದಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಯಕೃತ್ತಿನ ಕಸಿಗಳು ನಡೆಯುತ್ತವೆ. ವಿದ್ಯೆ ಬಂದಾಗಿದೆ. ಆ ವಿದ್ಯೆ ಯಾವ ಊರಿನವರೆಗೆ ಬಂದಿದೆ ಎಂಬುದು ಮಾತ್ರ ಬೇರೆಯೇ ಪ್ರಶ್ನೆ.

ಗಡದ ಮೇಲಿನ ಗಾಳಿ

ರೋಣದಿಂದ ಮೂಡಲಿಗೆ ಹೋಗುವಾಗ ಬಯಲು ಮೆಲ್ಲಗೆ ಏರಿ, ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಆನೆಯ ಆಕಾರದ ಗುಡ್ಡದ ಮೇಲೆ ಕೋಟೆ ಕಟ್ಟಿದ್ದರಿಂದ ಗಜೇಂದ್ರಗಡವೆಂಬ ಹೆಸರಾಯಿತೆಂದು ಹೇಳುತ್ತಾರೆ. ಬಂಡೆಯ ಮಗ್ಗುಲಿನಲ್ಲಿ ಕಾಲಕಾಲೇಶ್ವರನ ಸನ್ನಿಧಿ. ಕೆಳಗಡೆ ಕೈಮಗ್ಗಗಳ ಊರು. ೧೭೮೭ರ ಏಪ್ರಿಲ್‌ನಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರು ಮತ್ತು ನಿಜಾಮರಿಗೂ ನಡುವೆ, ಯಾವ ಸೀಮೆ ಯಾರ ಪಾಲಿಗೆ ಎಂದು ಗೊತ್ತುಮಾಡಿದ ಒಪ್ಪಂದ ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹಂಚಿಕೆಯೆಂಬುದು ಈ ನೆಲಕ್ಕೆ ಹೊಸ ಮಾತಲ್ಲ.

ಈಗ ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಬಿಳಿಯ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತಿವೆ. ಗಾಳಿ ಇಲ್ಲಿಯದು, ಅದರಿಂದ ಹುಟ್ಟಿದ ವಿದ್ಯುತ್ತು ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ನಾಡೆಲ್ಲ ಒಂದೇ ಜಾಲವಾಗಿರುವಾಗ ಒಂದೆಡೆ ಹುಟ್ಟಿದ್ದು ಇನ್ನೊಂದೆಡೆ ಬೆಳಗುವುದು ಸಹಜ. ಆದರೆ ತಮ್ಮೂರಿನಲ್ಲಿಯೂ ದೀಪ ಹತ್ತಬೇಕೆಂದು ಇಲ್ಲಿಯವರು ಕೇಳಿದರೆ ಅದು ಸ್ವಾರ್ಥವೆನ್ನಿಸದು.

ಅಂಗದಾನದ ವಿಷಯವೂ ಇದರಂತೆಯೇ. ಗದಗಿನ ಮೂಲಕ ಹೊಸಪೇಟೆಗೆ ಸಾಗುವ ಹೆದ್ದಾರಿಯಲ್ಲಿ, ಸಂಜೆ ಮೋಟಾರ್ ಸೈಕಲ್ಲಿನ ಮೇಲೆ ಮನೆಗೆ ಮರಳುತ್ತಿದ್ದ ತರುಣನೊಬ್ಬನಿಗೆ ಅಪಘಾತವಾಯಿತೆಂದು ಇಟ್ಟುಕೊಳ್ಳಬಹುದು. ತಲೆಗೆ ಪೆಟ್ಟು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸುತ್ತಾರೆ. ಉಸಿರಾಟವನ್ನು ಯಂತ್ರ ನಡೆಸುತ್ತದೆ, ಹೃದಯ ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ. ಆದರೆ ಮಿದುಳು ಮರಳಿ ಬಾರದಂತೆ ಸತ್ತಿರುತ್ತದೆ. ಇಂಥ ಸಾವನ್ನು ಸಾವೆಂದು ಒಪ್ಪಿಕೊಂಡ ಭಾರತದ ಕಾನೂನು ೧೯೯೪ರದು. ಅದಕ್ಕೆ ೨೦೧೧ರಲ್ಲಿ ತಿದ್ದುಪಡಿಯಾಯಿತು, ೨೦೧೪ರಲ್ಲಿ ಹೊಸ ನಿಯಮಗಳು ಬಂದವು. ನಾಲ್ವರು ವೈದ್ಯರ ಮಂಡಲಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ರುಜು ಹಾಕಬೇಕು. ಬಳಿಕ ಮನೆಯವರ ಒಪ್ಪಿಗೆಯನ್ನು ಕೇಳಬೇಕು. ಒಪ್ಪಿದ ಮೇಲೆ ದಾನಿಯ ದೇಹವನ್ನು ಕಾಪಾಡುವ ಮತ್ತು ಅಂಗಗಳನ್ನು ತೆಗೆಯುವ ಖರ್ಚನ್ನು ಆ ಮನೆಯವರ ಮೇಲೆ ಹಾಕುವಂತಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿ ಕಳುಹಿಸಿದ ಮಗನ ಮೈ ಇನ್ನೂ ಬೆಚ್ಚಗಿರುವಾಗಲೇ ಹೌದೆನ್ನಬೇಕಾದ ತಾಯಿತಂದೆಗಳ ಸಂಕಟವನ್ನು ಯಾವ ನಿಯಮವೂ ಹಗುರ ಮಾಡಲಾರದು. ಆದರೂ ಹೌದೆಂದವರಿದ್ದಾರೆ. ೨೦೨೧ರ ಜೂನ್‌ನಲ್ಲಿ ಬೈಕಿನ ಅಪಘಾತದಿಂದ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಮನೆಯವರು ಅವರ ಅಂಗಗಳನ್ನು ದಾನ ಮಾಡಿದುದನ್ನು ಕನ್ನಡಿಗರು ಮರೆತಿಲ್ಲ.

ದಾನವಾದ ಯಕೃತ್ತು ಯಾರಿಗೆ? ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳಲು ೨೦೦೭ರಲ್ಲಿ ಒಂದು ಸಮನ್ವಯ ಸಮಿತಿ ಏರ್ಪಟ್ಟಿತು. ಈಗ ಅದರ ಹೆಸರು ಜೀವಸಾರ್ಥಕತೆ. ಕಾಯುವವರ ಪಟ್ಟಿ ಅದರ ಬಳಿ ಇರುತ್ತದೆ. ಸಾಮಾನ್ಯವಾಗಿ ದಾನಿಯಿದ್ದ ಆಸ್ಪತ್ರೆಗೆ ಕಸಿಯ ಪರವಾನಗಿಯಿದ್ದರೆ ಅಲ್ಲಿಯ ರೋಗಿಗೆ ಮೊದಲ ಅವಕಾಶ. ಬಳಿಕ ಆ ವಲಯ, ಆಮೇಲೆ ರಾಜ್ಯ. ರಾಜ್ಯದಲ್ಲಿ ತಕ್ಕವರಿಲ್ಲವಾದರೆ ಚೆನ್ನೈಯಲ್ಲಿ ಕೇಂದ್ರವುಳ್ಳ ದಕ್ಷಿಣ ಪ್ರಾಂತದ ಪಟ್ಟಿ, ಕೊನೆಗೆ ದೆಹಲಿಯ ರಾಷ್ಟ್ರೀಯ ಪಟ್ಟಿ. ಯಕೃತ್ತು ಹಠಾತ್ತಾಗಿ ಸೋತು ಕೆಲವೇ ದಿನಗಳ ಆಯುಷ್ಯ ಉಳಿದವರಿಗೆ ಸಾಲನ್ನು ದಾಟುವ ವಿಶೇಷ ಆದ್ಯತೆಯುಂಟು. ಕಾಗದದ ಮೇಲೆ ಇದು ಬಹುಮಟ್ಟಿಗೆ ನ್ಯಾಯವಾದ ಏರ್ಪಾಡೇ.

ಆದರೆ ಕಾಗದದ ಹೊರಗೆ ಗಡಿಯಾರವೊಂದು ಓಡುತ್ತಿರುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ತಣ್ಣನೆಯ ದ್ರಾವಣದಲ್ಲಿಟ್ಟ ಯಕೃತ್ತು ಎಂಟರಿಂದ ಹನ್ನೆರಡು ಗಂಟೆಗಳವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಬೇಗ ಕೂಡಿಸಿದಷ್ಟೂ ಒಳ್ಳೆಯದು. ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಗಳಲ್ಲಿ ಮೂತ್ರಪಿಂಡದ ಕಸಿ ನಡೆಯುತ್ತದೆ. ಬೆಳಗಾವಿಯಲ್ಲಿ ಹೃದಯದ ಕಸಿಯೂ ನಡೆದಿದೆ. ಪೋಲೀಸರು ದಾರಿ ತೆರವು ಮಾಡಿಸಿ ಈ ಊರುಗಳ ನಡುವೆ ಅಂಗಗಳನ್ನು ಸಾಗಿಸಿದ ಪ್ರಸಂಗಗಳುಂಟು. ಯಕೃತ್ತಿನ ಕಸಿ ಇವೆಲ್ಲಕ್ಕಿಂತ ಜಟಿಲ. ಅದನ್ನು ಮಾಡುವ ಆಸ್ಪತ್ರೆಗಳ ಬಹುಪಾಲು ಬೆಂಗಳೂರಿನಲ್ಲಿದೆ. ಕಾಯುವ ರೋಗಿಗಳೂ ಆ ಆಸ್ಪತ್ರೆಗಳ ಮೂಲಕವೇ ಪಟ್ಟಿ ಸೇರಿದವರು. ಹೀಗಾಗಿ ಉತ್ತರದ ಸೀಮೆಯಲ್ಲಿ ದಾನವಾದ ಯಕೃತ್ತು ದಕ್ಷಿಣದ ದಾರಿ ಹಿಡಿಯುವುದು ಸಹಜವಾಗುತ್ತದೆ. ಗುಡ್ಡದ ಮೇಲಿನ ಗಾಳಿಯ ವಿದ್ಯುತ್ತಿನಂತೆ ಅದು ಒಂದು ಜೀವವನ್ನು ಬೆಳಗುತ್ತದೆ. ಆ ಜೀವ ಗಜೇಂದ್ರಗಡದ್ದೂ ಆಗಬಹುದಾಗಿತ್ತೇ ಎಂದು ಕೇಳಿದರೆ, ಆಗಬಹುದಾಗಿತ್ತು ಎಂಬುದೇ ನಿಯಮದ ಉತ್ತರ. ಆದರೆ ಅದಕ್ಕೆ ಗಜೇಂದ್ರಗಡದ ರೋಗಿಯ ಹೆಸರು ಮೊದಲು ಪಟ್ಟಿಯಲ್ಲಿರಬೇಕು.

ನರಗುಂದದ ಪಾಠ

ಪಟ್ಟಿ, ಪಾಲು, ಸರದಿ ಎಂಬ ಮಾತುಗಳನ್ನು ಅರಿಯಲು ನರಗುಂದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ. ರೋಣದಿಂದ ಪಡುವಲಿಗೆ ಬಯಲನ್ನು ದಾಟಿ ಬರುವಾಗ ನರಗುಂದದ ಒಂಟಿಗುಡ್ಡ ಬಹುದೂರದಿಂದಲೇ ಕಾಣುತ್ತದೆ. ೧೮೫೮ರಲ್ಲಿ ಬಾಬಾಸಾಹೇಬನು ಇಂಗ್ಲಿಷರ ವಿರುದ್ಧ ಎದ್ದು, ಆ ವರ್ಷದ ಜೂನ್ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ ಕತೆ ಇಲ್ಲಿಯ ಮಕ್ಕಳಿಗೂ ಗೊತ್ತು. ಅದು ರಾಜ್ಯದ ಜಗಳ. ಆ ಮೇಲಿನದು ನೀರಿನ ಜಗಳ.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ೧೯೭೦ರ ದಶಕದಲ್ಲಿ ಕಾಲುವೆಯ ನೀರನ್ನು ಈ ಎರೆಭೂಮಿಗೆ ಹರಿಸಲಾಯಿತು. ಬಯಲಿನ ಜನ ಹಿಗ್ಗಿದರು. ಆದರೆ ನೀರು ಬಾರದ ಹೊಲಕ್ಕೂ ಕರ ಬಿದ್ದಾಗ ರೈತರು ತಿರುಗಿ ನಿಂತರು. ೧೯೮೦ರ ಜುಲೈ ೨೧ರಂದು ಇಲ್ಲಿ ನಡೆದ ಗೋಳೀಬಾರಿನ ನೆನಪಿಗಾಗಿ ಇಂದಿಗೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ೨೦೧೫ರಲ್ಲಿ ಮಹದಾಯಿಯ ನೀರಿಗಾಗಿ ಮತ್ತೆ ಇದೇ ಊರಿನಲ್ಲಿ ಚಪ್ಪರ ಹಾಕಿ ಧರಣಿ ಕುಳಿತರು. ೨೦೧೮ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ ೧೩.೪೨ ಟಿ.ಎಂ.ಸಿ. ಅಡಿಯ ಪಾಲು ಗೊತ್ತುಮಾಡಿತು.

ಈ ಎಲ್ಲ ಹೋರಾಟಗಳಿಂದ ಬಯಲಿನ ರೈತನು ಕಲಿತ ಪಾಠವೊಂದಿದೆ. ತೂಬಿನಲ್ಲಿ ನೀರನ್ನು ಎಷ್ಟೇ ನ್ಯಾಯವಾಗಿ ಅಳೆದು ಬಿಟ್ಟರೂ ಕಾಲುವೆಯ ಕೊನೆಯ ಹೊಲಕ್ಕೆ ಅದು ತಲುಪಲೇಬೇಕೆಂದಿಲ್ಲ. ನಡುವೆ ಹೂಳು, ಒಡಕು, ಮೇಲಿನವರ ಅವಸರ. ಲೆಕ್ಕದ ಪುಸ್ತಕದಲ್ಲಿ ಕೊನೆಯ ಹೊಲವೂ ನೀರಾವರಿಯೇ. ಅಲ್ಲಿ ನಿಂತು ನೋಡಿದರೆ ಒಣ ಮಣ್ಣು.

ಯಕೃತ್ತಿನ ಪಟ್ಟಿಯ ಸ್ಥಿತಿಯೂ ಹೀಗೆಯೇ ಇದೆ. ೨೦೨೩ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಮೂರು ಕಟ್ಟುಗಳನ್ನು ಸಡಿಲಿಸಿತು. ಆಯಾ ರಾಜ್ಯದ ನಿವಾಸಿಯಾಗಿದ್ದರೆ ಮಾತ್ರ ಹೆಸರು ಬರೆಸಬಹುದೆಂಬ ನಿರ್ಬಂಧ ಹೋಯಿತು. ಅರವತ್ತೈದು ದಾಟಿದವರಿಗೆ ಬಾಗಿಲು ಮುಚ್ಚುವ ನಿಯಮ ಹೋಯಿತು. ನೋಂದಣಿಗೆ ಶುಲ್ಕ ಕೂಡದೆಂದಾಯಿತು. ಯಾವ ಪ್ರಜೆಯೂ ಯಾವ ರಾಜ್ಯದಲ್ಲಿಯಾದರೂ ಪಟ್ಟಿ ಸೇರಬಹುದು. ಉದ್ದೇಶ ಉದಾತ್ತವಾದದ್ದು. ಆದರೆ ಈ ಸ್ವಾತಂತ್ರ್ಯ ಎಲ್ಲರ ಕೈಗೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ವಿಮಾನದಲ್ಲಿ ಚೆನ್ನೈಗೋ ಹೈದರಾಬಾದಿಗೋ ಹೋಗಿ, ಅಲ್ಲಿ ಬಾಡಿಗೆಯ ಮನೆ ಹಿಡಿದು ಸರದಿ ಕಾಯಬಲ್ಲವನಿಗೆ ಅದು ತೆರೆದ ಹೆಬ್ಬಾಗಿಲು. ನರಗುಂದದ ನಾಲ್ಕೆಕರೆಯ ರೈತನಿಗೆ ಬೆಂಗಳೂರೇ ಪರದೇಶ.

ಅಂಥ ರೈತನೊಬ್ಬನಿಗೆ ಏನೇನು ಬೇಕಾಗುತ್ತದೆ ಎಂದು ಎಣಿಸಿ ನೋಡಬಹುದು. ಮೊದಲು, ತನ್ನ ಕಾಯಿಲೆಗೆ ಕಸಿಯೆಂಬ ಉಪಾಯವಿದೆಯೆಂದು ಹೇಳುವ ಒಬ್ಬ ವೈದ್ಯರು ಬೇಕು. ಬಳಿಕ ಬೆಂಗಳೂರಿನಲ್ಲಿ ಹಲವು ದಿನಗಳ ಪರೀಕ್ಷೆ. ರೋಗಿಯೊಡನೆ ಮತ್ತೊಬ್ಬರು ಹೋಗಲೇಬೇಕು. ಹೆಸರು ಪಟ್ಟಿಗೆ ಬಂದಿತೆಂದರೂ ಅಲ್ಲಿಗೆ ಮುಗಿಯಲಿಲ್ಲ. ರಕ್ತದಲ್ಲಿನ ಪಿತ್ತದ ಅಂಶ, ಮೂತ್ರಪಿಂಡದ ಸ್ಥಿತಿ, ರಕ್ತ ಹೆಪ್ಪುಗಟ್ಟುವ ವೇಗ, ಇವುಗಳಿಂದ ರೋಗದ ತೀವ್ರತೆಯನ್ನು ಅಂಕೆಯಲ್ಲಿ ಅಳೆಯುತ್ತಾರೆ. ಅದನ್ನು ಮತ್ತೆ ಮತ್ತೆ ಅಳೆಯಿಸಿಕೊಳ್ಳಬೇಕು. ಒಂದು ರಾತ್ರಿ ಫೋನು ಬರುತ್ತದೆ: ಯಕೃತ್ತು ಸಿಕ್ಕಿದೆ, ಕೂಡಲೇ ಹೊರಟು ಬನ್ನಿ. ಜಯನಗರದ ರೋಗಿ ಅರ್ಧ ತಾಸಿನಲ್ಲಿ ಆಸ್ಪತ್ರೆಯಲ್ಲಿರುತ್ತಾನೆ. ನರಗುಂದದವನು ವಾಹನ ಹುಡುಕಿ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಪಟ್ಟಿಯಲ್ಲಿ ಇಬ್ಬರ ಸ್ಥಾನ ಒಂದೇ ಇದ್ದರೂ, ದಾರಿಯಲ್ಲಿ ಇಬ್ಬರ ಸ್ಥಾನ ಒಂದೇ ಅಲ್ಲ.

ಇನ್ನು ಹಣದ ಮಾತು. ಖಾಸಗಿ ಆಸ್ಪತ್ರೆಯಲ್ಲಿ ಯಕೃತ್ತಿನ ಕಸಿಗೆ ಸಾಮಾನ್ಯವಾಗಿ ಇಪ್ಪತ್ತು ಲಕ್ಷ ರೂಪಾಯಿಗಳಿಗೂ ಮೇಲೆ ತಗಲುತ್ತದೆ. ಬಡತನದ ರೇಖೆಯ ಕೆಳಗಿನವರಿಗೆ ಕರ್ನಾಟಕ ಸರಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಅಂಗಕಸಿಗೆ ನೆರವು ನೀಡುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ಕಾಯಿಲೆಗಳಿಗೂ ಅಂಗಕಸಿಗೂ ಮೀಸಲಾದ ಸರಕಾರಿ ಸಂಸ್ಥೆಯಿದೆ. ಇವು ದೊಡ್ಡ ಉಪಕಾರಗಳು. ಆದರೆ ಶಸ್ತ್ರಕ್ರಿಯೆಯ ಬಳಿಕ ತಿಂಗಳುಗಟ್ಟಲೆ ಆಸ್ಪತ್ರೆಯ ಸಮೀಪದಲ್ಲಿಯೇ ಇರಬೇಕಾದ ಬಾಡಿಗೆ, ಊಟ, ಜೊತೆಗಿದ್ದವರ ನಷ್ಟವಾದ ಕೂಲಿ, ಬದುಕಿನುದ್ದಕ್ಕೂ ತಪ್ಪದೆ ನುಂಗಬೇಕಾದ ಮಾತ್ರೆಗಳು, ರಕ್ತಪರೀಕ್ಷೆಗೆಂದು ಮತ್ತೆ ಮತ್ತೆ ಬರಬೇಕಾದ ಪ್ರಯಾಣ, ಇವನ್ನೆಲ್ಲ ಯಾವ ಯೋಜನೆಯೂ ಪೂರ್ತಿಯಾಗಿ ಹೊರುವುದಿಲ್ಲ.

ಮನೆಯವರೇ ಕೊಡಬಹುದಲ್ಲವೇ ಎಂದು ಕೇಳುವವರುಂಟು. ನಿಜ, ಯಕೃತ್ತಿನ ಒಂದು ಭಾಗವನ್ನು ಕೊಟ್ಟರೆ ಉಳಿದದ್ದು ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಭಾರತದ ಯಕೃತ್ತಿನ ಕಸಿಗಳಲ್ಲಿ ಹೆಚ್ಚಿನವು ಇಂಥವೇ. ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು ಎಂಬುದನ್ನೂ ಮರೆಯಲಾಗದು. ಗಂಡನಿಗಾಗಿ ಹೆಂಡತಿ ಕೊಟ್ಟಳೆಂದರೆ ಒಂದೇ ಮನೆಯ ಇಬ್ಬರು ದುಡಿಯುವವರು ಒಟ್ಟಿಗೇ ಹಾಸಿಗೆ ಹಿಡಿದಂತಾಗುತ್ತದೆ. ದನಕರುಗಳಿಗೆ ನೀರು ತೋರಿಸುವವರು ಯಾರು, ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು?

ಸಮುದ್ರದಾಚೆಯ ವ್ಯಾಜ್ಯ

ಇದು ಈ ಬಯಲಿನ ಸಂಕಟವಷ್ಟೇ ಅಲ್ಲ. ಶ್ರೀಮಂತ ಅಮೆರಿಕದಲ್ಲಿಯೂ ಯಕೃತ್ತಿನ ಹಂಚಿಕೆ ಕೋರ್ಟಿನ ಮೆಟ್ಟಿಲು ಹತ್ತಿತು. ಅಲ್ಲಿ ಹಿಂದೆ ದೇಶವನ್ನು ಐವತ್ತೆಂಟು ಸೇವಾಕ್ಷೇತ್ರಗಳಾಗಿಯೂ ಹನ್ನೊಂದು ಪ್ರಾಂತಗಳಾಗಿಯೂ ವಿಂಗಡಿಸಿ, ದಾನವಾದ ಯಕೃತ್ತನ್ನು ಬಹುಮಟ್ಟಿಗೆ ಆಯಾ ಗಡಿಯೊಳಗಿನವರಿಗೇ ಮೊದಲು ಕೊಡುತ್ತಿದ್ದರು. ಇದರಿಂದ ಒಂದು ಪ್ರಾಂತದಲ್ಲಿ ಅಷ್ಟೇನೂ ವಿಷಮಿಸದ ರೋಗಿಗೂ ಯಕೃತ್ತು ದೊರೆತರೆ, ಇನ್ನೊಂದರಲ್ಲಿ ಸಾವಿನ ಹೊಸ್ತಿಲಿಗೆ ಬಂದವನೂ ಕಾಯಬೇಕಾಗುತ್ತಿತ್ತು. ೨೦೨೦ರ ಫೆಬ್ರವರಿಯಲ್ಲಿ ಗಡಿಗಳನ್ನು ಅಳಿಸಿ, ದಾನಿಯ ಆಸ್ಪತ್ರೆಯನ್ನು ನಡುವಿಟ್ಟು ೧೫೦, ೨೫೦ ಮತ್ತು ೫೦೦ ನಾವಿಕ ಮೈಲಿಗಳ ವೃತ್ತಗಳನ್ನೆಳೆದು, ಹೆಚ್ಚು ವಿಷಮಿಸಿದವರಿಗೆ ಮೊದಲು ಕೊಡುವ ಪದ್ಧತಿಯನ್ನು ತಂದರು.

ಆಗ ದಕ್ಷಿಣ ಮತ್ತು ಮಧ್ಯಭಾಗದ ಹಳ್ಳಿಗಾಡಿನ ಆಸ್ಪತ್ರೆಗಳು ಆಕ್ಷೇಪವೆತ್ತಿದವು. ತಮ್ಮ ಜನ ಉದಾರವಾಗಿ ದಾನ ಮಾಡಿದ ಅಂಗಗಳು ದೂರದ ಮಹಾನಗರಗಳಿಗೆ ಹೋಗುತ್ತವೆ. ತಮ್ಮ ಬಡರೋಗಿಗಳಾದರೋ ಪಟ್ಟಿಗೆ ಸೇರುವ ಮುನ್ನವೇ ಸಾಯುತ್ತಾರೆ ಎಂಬುದು ಅವರ ವಾದ. ಯಾರಿಗೆ ಕಾಯಿಲೆ ಹೆಚ್ಚೋ ಅವನಿಗೆ ಮೊದಲು, ಊರು ಯಾವುದಾದರೇನು ಎಂಬುದು ಎದುರು ವಾದ. ಎರಡರಲ್ಲಿಯೂ ಹುರುಳಿದೆ. ಆದರೆ ಆ ವ್ಯಾಜ್ಯದಿಂದ ತಿಳಿದುಬಂದದ್ದು ಇಷ್ಟು: ಪಟ್ಟಿಯೊಳಗಿನ ಸಾಲನ್ನು ಎಷ್ಟೇ ನೇರಮಾಡಿದರೂ, ಪಟ್ಟಿಯ ಹೊರಗೆ ನಿಂತವನಿಗೆ ಅದರಿಂದ ಲಾಭವಿಲ್ಲ. ಹಂಚಿಕೆಯ ನ್ಯಾಯ ಆರಂಭವಾಗಬೇಕಾದದ್ದು ಪಟ್ಟಿಗಿಂತ ಮುಂಚೆ, ರೋಣದ ಬಸ್‌ಸ್ಟ್ಯಾಂಡಿನಲ್ಲಿ, ಪ್ಲಾಸ್ಟಿಕ್ ಚೀಲ ಹಿಡಿದು ನಿಂತವನ ಬಳಿ.

ಕಣಗಿನಹಾಳದ ದಾರಿ

ಹಾಗಾದರೆ ಮಾಡಬೇಕಾದದ್ದೇನು? ತಾಲ್ಲೂಕಿಗೊಂದು ಕಸಿಯ ಆಸ್ಪತ್ರೆ ಕಟ್ಟುವುದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಹತ್ತಾರು ಗಂಟೆಗಳ ಈ ಶಸ್ತ್ರಕ್ರಿಯೆಗೆ ನುರಿತ ಕೈಗಳು ಬೇಕು. ನುರಿಯಬೇಕಾದರೆ ಒಂದೇ ಕಡೆ ಅನೇಕ ಕಸಿಗಳು ನಡೆಯಬೇಕು. ಆದರೆ ಕಸಿಯ ಮುಂಚಿನ ಮತ್ತು ಬಳಿಕದ ಕೆಲಸಗಳಲ್ಲಿ ಹೆಚ್ಚಿನವನ್ನು ಹತ್ತಿರಕ್ಕೆ ತರಬಹುದು. ಗದಗ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜುಗಳಲ್ಲಿಯೇ ಪ್ರಾಥಮಿಕ ಪರೀಕ್ಷೆಗಳನ್ನು ಮುಗಿಸಿ, ರೋಗಿಯ ಕಾಗದಪತ್ರಗಳನ್ನು ಅಲ್ಲಿಂದಲೇ ಬೆಂಗಳೂರಿಗೆ ಮುಟ್ಟಿಸಿ ಹೆಸರು ಬರೆಸುವ ಏರ್ಪಾಡು. ಕಸಿಯಾದವರ ರಕ್ತಪರೀಕ್ಷೆ ಮತ್ತು ಮಾತ್ರೆಗಳು ಜಿಲ್ಲೆಯಲ್ಲಿಯೇ ದೊರೆಯುವಂತೆ ಮಾಡುವುದು. ದೂರದಿಂದ ಬಂದವರಿಗೆ ಆಸ್ಪತ್ರೆಯ ಸಮೀಪ ತಂಗುದಾಣ. ಕರೆ ಬಂದ ರಾತ್ರಿಗೆ ಸಿದ್ಧವಾದ ವಾಹನ. ಇವಕ್ಕೆ ಹೊಸ ವಿಜ್ಞಾನವೇನೂ ಬೇಕಾಗಿಲ್ಲ.

ಕೊಡುವ ಕಡೆಯಲ್ಲಿಯೂ ಕೆಲಸವಿದೆ. ೨೦೨೩ರಲ್ಲಿ ಕರ್ನಾಟಕದಲ್ಲಿ ಮರಣಾನಂತರ ಅಂಗದಾನ ಮಾಡಿದವರು ೧೭೮ ಮಂದಿ. ದೇಶದಲ್ಲಿ ಇದು ಮುಂಚೂಣಿಯ ಸಂಖ್ಯೆಯೇ. ಆದರೂ ಏಳು ಕೋಟಿಯ ಸಮೀಪದ ಜನಸಂಖ್ಯೆಗೆ ಅತಿ ಸ್ವಲ್ಪ. ಸ್ಪೇನ್ ದೇಶದಲ್ಲಿ ಪ್ರತಿ ಹತ್ತು ಲಕ್ಷ ಜನಕ್ಕೆ ನಲವತ್ತಕ್ಕೂ ಮೇಲೆ ದಾನಿಗಳು; ಭಾರತದಲ್ಲಿ ಒಬ್ಬರಿಗಿಂತಲೂ ಕಡಿಮೆ. ಸ್ಪೇನಿನವರು ೧೯೮೯ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಚಿಕ್ಕ ಊರುಗಳ ಆಸ್ಪತ್ರೆಗಳಲ್ಲಿಯೂ ಮನೆಯವರೊಡನೆ ಸಮಾಧಾನದಿಂದ ಮಾತನಾಡಬಲ್ಲ ತರಬೇತಿ ಪಡೆದವರನ್ನು ನೇಮಿಸಿದರು. ಕಸಿ ಮಾಡದ ಆಸ್ಪತ್ರೆಯೂ ಅಂಗಗಳನ್ನು ಪಡೆದು ಕಳುಹಿಸುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಲು ಭಾರತದ ಕಾನೂನಿನಲ್ಲಿಯೂ ಅವಕಾಶವಿದೆ. ಮಿದುಳಿನ ಸಾವನ್ನು ಗುರುತಿಸಿ ಹೇಳುವ ಪರಿಪಾಠ ಹುಬ್ಬಳ್ಳಿ, ಗದಗಗಳಲ್ಲಿ ಬೇರೂರಿದಷ್ಟೂ ಅಂಗಗಳು ಹೆಚ್ಚುತ್ತವೆ. ಅಂಗಗಳು ಹೆಚ್ಚಿದಷ್ಟೂ ಇಲ್ಲಿಯೇ ಕಸಿಯ ಕೇಂದ್ರ ಬೆಳೆಯುವುದಕ್ಕೆ ಕಾರಣ ದೊರೆಯುತ್ತದೆ. ಕೊಡದೆ ಪಾಲು ಕೇಳಲಾಗದು. ಪಾಲು ಕಾಣದೆ ಕೊಡುವ ಮನಸ್ಸೂ ಬಹುಕಾಲ ಉಳಿಯದು.

ಎಲ್ಲಕ್ಕಿಂತ ಅಗ್ಗದ ಉಪಾಯ ಕಸಿಯೇ ಬೇಡವಾಗುವಂತೆ ನೋಡಿಕೊಳ್ಳುವುದು. ಹುಟ್ಟಿದ ಇಪ್ಪತ್ನಾಲ್ಕು ಗಂಟೆಗಳೊಳಗೆ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು, ದೊಡ್ಡವರು ಒಮ್ಮೆ ರಕ್ತ ಪರೀಕ್ಷಿಸಿಕೊಳ್ಳುವುದು, ಕುಡಿತವನ್ನು ಬಿಡುವುದು, ಮೂರು ವಾರಕ್ಕೂ ಇಳಿಯದ ಕಾಮಣಿಗೆ ನಾಟಿ ಔಷಧವನ್ನೇ ನಂಬಿ ಕೂಡದಿರುವುದು. ಇವಿಷ್ಟಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.

ಇದೇ ಜಿಲ್ಲೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರೆಂಬವರು ಊರವರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಹುಟ್ಟುಹಾಕಿದರು. ದೇಶದ ಸಹಕಾರ ಚಳುವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದೆಂದು ಎಣಿಸುತ್ತಾರೆ. ಅದರ ತತ್ತ್ವ ಸರಳ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಬೇಕು, ಕಷ್ಟದಲ್ಲಿದ್ದವನು ಪಡೆಯಬೇಕು, ಸಂಘದ ಬಾಗಿಲು ಊರಿನೊಳಗೇ ಇರಬೇಕು. ಅಂಗದಾನವೂ ಒಂದು ಸಹಕಾರಿ ಸಂಘವೇ. ಹಾಕುವ ಪೆಟ್ಟಿಗೆ ಎಲ್ಲ ಊರುಗಳಲ್ಲಿಯೂ ಇದ್ದು, ಪಡೆಯುವ ಕಿಟಕಿ ಒಂದೇ ನಗರದಲ್ಲಿದ್ದರೆ ಸಂಘ ಬಹುದಿನ ಬಾಳದು.

ಸಂಜೆಯ ಹೊತ್ತಿಗೆ ನರಗುಂದದ ಗುಡ್ಡದ ನೆರಳು ಊರನ್ನು ದಾಟಿ ಹೊಲಗಳ ಮೇಲೆ ಬೀಳುತ್ತದೆ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ರೈತರು ಸಲಿಕೆ ಹಿಡಿದು ಏರಿಯ ಮೇಲೆ ನಡೆಯುವುದನ್ನು ಕಾಣಬಹುದು. ನೀರು ಎಲ್ಲಿಯವರೆಗೆ ಬಂದಿತು ಎಂದು ಎದುರಾದವರನ್ನು ಅವರು ಕೇಳುತ್ತಾರೆ. ಎಷ್ಟು ಬಿಟ್ಟರು ಎಂದು ಕೇಳುವುದಿಲ್ಲ. ಹುಬ್ಬಳ್ಳಿಯ ಕಡೆಯಿಂದ ಬಂದ ಬಸ್ಸು ನಿಂತಾಗ, ರಿಪೋರ್ಟಿನ ಚೀಲ ಹಿಡಿದ ಒಬ್ಬಿಬ್ಬರು ಮೆಲ್ಲನೆ ಇಳಿದು, ಕತ್ತಲಾಗುವ ಮೊದಲು ತಮ್ಮ ಹಳ್ಳಿಗೆ ಹೋಗುವ ವಾಹನವನ್ನು ಹುಡುಕುತ್ತ ನಿಲ್ಲುತ್ತಾರೆ.